ಜಗುಲಿಯ ಮೇಲಿನ ಅಪಾಯಕಾರಿ

ನಮ್ಮ ಮನೆಯವರ ಪೈಕಿ ಕೇಂದ್ರ ಸರ್ಕಾರದ ಗಮನಕ್ಕೆ ಬಂದವನು ಒಬ್ಬನೇ. ಅವನು ನಾಯಿ. ತಾಲ್ಲೂಕು ಕಚೇರಿಗೆ ಗುಮಾಸ್ತನಾಗಿ ಸೇರಿ, ಗುಮಾಸ್ತರ ಮೇಲಿನ ಗುಮಾಸ್ತನಾಗಿ ನಿವೃತ್ತನಾದ ನನ್ನನ್ನು ದೆಹಲಿಯವರು ಒಂದು ದಿನವೂ ನೆನೆಸಿಕೊಂಡದ್ದಿಲ್ಲ. ನಮ್ಮ ನಾಯಿಯಾದರೋ ಮದ್ದೂರಿನ ಒಂದು ಬೀದಿಯ ಜಗುಲಿಯಲ್ಲಿ ಮಲಗಿದ್ದಲ್ಲಿಂದಲೇ ರಾಷ್ಟ್ರಮಟ್ಟದ ಅಪಾಯವಾಗಿಬಿಟ್ಟ.

ಈ ಬರಹದಲ್ಲಿ ಯಾರ ಹೆಸರನ್ನೂ ಹೇಳಬಾರದೆಂದು ನಿಶ್ಚಯಿಸಿದ್ದೇನೆ. ನಿಯಮ ಎಂದ ಮೇಲೆ ಎಲ್ಲರಿಗೂ ಒಂದೇ, ಆದ್ದರಿಂದ ನಾಯಿಯ ಹೆಸರನ್ನೂ ಹೇಳುವುದಿಲ್ಲ. ಹೆಸರು ಹಿಡಿದು ಇನ್ನೊಂದು ಸುತ್ತೋಲೆ ಬರುವುದು ಬೇಡ.

ಅವನು ರಾಟ್‌ವೀಲರ್ ತಳಿಯವನು. ಮೈಯೆಲ್ಲ ಕಪ್ಪು, ಕಣ್ಣಿನ ಮೇಲೆ ಎರಡು ಕಂದು ಬೊಟ್ಟು, ಹುಬ್ಬಿನ ಹಾಗೆ. ಆ ಹುಬ್ಬಿನಿಂದಾಗಿ ಸದಾ ಯಾವುದೋ ಗಹನವಾದ ವಿಷಯ ಯೋಚಿಸುತ್ತಿರುವವನಂತೆ ಕಾಣುತ್ತಾನೆ. ಯೋಚಿಸುವುದು ರಾಗಿಮುದ್ದೆಯ ವಿಚಾರವನ್ನು ಮಾತ್ರ. ಬೆಳಕವಾಡಿಯಲ್ಲಿ ನನ್ನ ಹೆಂಡತಿಯ ತಮ್ಮನಿಗೆ ಒಂದು ಕೋಳಿ ಫಾರಂ ಇದೆ. ಕಳ್ಳರ ಕಾಟ ತಾಳಲಾರದೆ ಅವನು ಈ ಮರಿಯನ್ನು ತಂದು ಸಾಕಿದ. ಮರಿ ಬೆಳೆದು ಕರುವಿನಷ್ಟಾಯಿತು. ಆದರೆ ಬಂದವರೆಲ್ಲ ತನಗೆ ಊಟ ಹಾಕಲೆಂದೇ ಬಂದವರು ಎಂಬುದು ಅವನ ಸಿದ್ಧಾಂತವಾಗಿತ್ತು. ಕೋಳಿ ಹಿಡಿಯಲು ಬಂದವನ ಮುಂದೆ ತನ್ನ ಅಲ್ಯೂಮಿನಿಯಂ ತಟ್ಟೆಯನ್ನು ಕಚ್ಚಿ ತಂದಿಟ್ಟು ಬಾಲ ಆಡಿಸಿದನಂತೆ. ಕಳ್ಳ ಕೋಳಿಯ ಜೊತೆಗೆ ತಟ್ಟೆಯನ್ನೂ ಒಯ್ದ.

ಭಾಮೈದ ಅವನನ್ನು ಬೈಯುತ್ತಿದ್ದಾಗ ನನ್ನ ಹೆಂಡತಿ ಅಲ್ಲಿದ್ದಳು. "ಇವನು ನಮ್ಮನೇಲಿರ್ಲಿ ಬುಡು," ಎಂದು ಕರೆದುಕೊಂಡು ಬಂದಳು. ನಾನು ಆಕ್ಷೇಪ ಎತ್ತುವ ಮೊದಲೇ, "ನಿಮಗೂ ರಿಟೈರಾಗಿ ಕೆಲ್ಸಿಲ್ಲ, ಅವನ್ಗೂ ಇಲ್ಲ. ಒಬ್ರನ್ನೊಬ್ರು ನೋಡ್ಕಳಿ," ಎಂದಳು. ಅಂದಿನಿಂದ ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡಿದ್ದೇವೆ.

ನಾವಿರುವುದು ಬಾಡಿಗೆ ಮನೆಯ ಮಹಡಿಯಲ್ಲಿ. ಕೆಳಗಡೆ ಮನೆಯ ಯಜಮಾನರು. ಬೀದಿಯೆಲ್ಲ ಅವರನ್ನು ಗೌಡರು ಎನ್ನುತ್ತದೆ, ನಾನೂ ಹಾಗೆಯೇ ಅನ್ನುತ್ತೇನೆ. ಅವರ ಜಮೀನು ಆತಗೂರಿನ ಕಡೆ. ಬೆಳಿಗ್ಗೆ ಬೈಕಿನಲ್ಲಿ ಹೋಗಿ ಸಂಜೆ ಬಂದು, ಕೈಕಾಲು ತೊಳೆದು ಜಗುಲಿಯಲ್ಲಿ ಕೂರುತ್ತಾರೆ. ಹೆಗಲ ಮೇಲಿನ ಟವೆಲ್ಲು ಕೈಗೆ ಬರುತ್ತದೆ. ಅದನ್ನು ಬೀಸಿ ಬೀಸಿ ಸೊಳ್ಳೆ ಓಡಿಸುತ್ತ ಕಬ್ಬಿನ ವಿಚಾರ, ನಾಲೆ ನೀರಿನ ವಿಚಾರ ಮಾತಾಡುತ್ತಾರೆ. ಮಾತಾಡುವುದು ನಮ್ಮ ನಾಯಿಯ ಜೊತೆ. ಗೌಡರ ಬೈಕಿನ ಸದ್ದು ಕೇಳಿದರೆ ಸಾಕು, ಅವನು ಮೆಟ್ಟಿಲಿಳಿದು ಹೋಗಿ ಅವರ ಪಾದದ ಮೇಲೆ ತಲೆಯಿಟ್ಟು ಮಲಗುತ್ತಾನೆ.

"ಈ ಬೀದೀಲಿ ಬಾಯಿ ಮುಚ್ಕೊಂಡು ಕೇಳೋನು ಇವನೊಬ್ನೇ ಕಣ್ ಸಾರ್," ಎಂದು ಗೌಡರು ನನಗೆ ಹೇಳಿದ್ದರು.

ಈ ಮಧ್ಯೆ ಗೌಡರ ಮಗನಿಗೆ ಚಿಕ್ಕರಸಿನಕೆರೆಯ ಹುಡುಗಿಯನ್ನು ನೋಡಿದ್ದರು. ಹುಡುಗಿಯ ಕಡೆಯವರು ಮನೆ ನೋಡುವ ಶಾಸ್ತ್ರಕ್ಕೆ ಬಂದರು. ನಮ್ಮ ಕಡೆ ಹೆಣ್ಣು ಕೊಡುವವರು ಹುಡುಗನನ್ನು ಎಷ್ಟು ನೋಡುತ್ತಾರೋ ಮನೆಯನ್ನೂ ಅಷ್ಟೇ ನೋಡುತ್ತಾರೆ. ಹಿಂದೆಲ್ಲ ನೇರವಾಗಿ ಕೊಟ್ಟಿಗೆಗೆ ಹೋಗುತ್ತಿದ್ದರು. ಎತ್ತಿನ ಮೈ ಸವರಿ, ಹುಲ್ಲಿನ ಮೆದೆ ಅಳೆದು, ಬಾವಿಗೆ ಇಣುಕಿ ನೋಡುತ್ತಿದ್ದರು. ಮದ್ದೂರಿನ ತಾರಸಿ ಮನೆಯಲ್ಲಿ ಅವರಿಗೆ ಇಣುಕಲು ಸಿಕ್ಕದ್ದು ನೀರಿನ ಸಂಪು ಮಾತ್ರ. ಅದಕ್ಕೇ ಇಣುಕಿದರು. ಹೊಸದಾಗಿ ಹಾಕಿಸಿದ ಟೈಲ್ಸನ್ನು ಮೆಚ್ಚಿದರು. ಹುಡುಗಿಯ ಅಜ್ಜಿಯೊಬ್ಬರು ಮಾತ್ರ ಏನನ್ನೂ ನೋಡಲು ಏಳಲಿಲ್ಲ. ಜಗುಲಿಯೆದುರಿನ ಕುರ್ಚಿಯಲ್ಲಿ ಕುಳಿತು ಎಲೆಅಡಿಕೆ ಜಗಿಯುತ್ತ ಗೌಡರನ್ನೂ ಅವರ ಪಾದದ ಮೇಲಿದ್ದ ತಲೆಯನ್ನೂ ನೋಡುತ್ತಿದ್ದರು. ಆಮೇಲೆ ಹುಡುಗಿಯ ಕಡೆಯವರು ಒಪ್ಪಿಗೆ ಹೇಳಿ ಕಳಿಸಿದರು. ಟೈಲ್ಸ್ ಹಾಕಿಸಿದ್ದು ಸಾರ್ಥಕವಾಯಿತೆಂದು ಗೌಡರು ಬೀಗಿದರು.

ಇಷ್ಟು ಸುಖವಾಗಿದ್ದಾಗ ಸುತ್ತೋಲೆ ಬಂತು. ಕೆಲವು ತಳಿಯ ನಾಯಿಗಳು ಉಗ್ರ, ಮನುಷ್ಯರಿಗೆ ಅಪಾಯಕಾರಿ ಎಂದು ಕೇಂದ್ರ ಸರ್ಕಾರ ಪಟ್ಟಿ ಮಾಡಿತ್ತು. ಸಂಜೆ ಗೌಡರು ಜಗುಲಿಯಿಂದ ನನ್ನನ್ನು ಕೂಗಿದರು.

"ಸಾರ್, ಒಸಿ ಇಳ್ದು ಬನ್ನಿ. ನಮ್ಮೋನ್ ಫೋಟೋ ಮೊಬೈಲ್ನಲ್ಲಿ ಬಂದದೆ."

ನೋಡಿದೆ. ಯಾವುದೋ ದೇಶದ ಯಾವುದೋ ನಾಯಿ, ಅಷ್ಟೂ ಹಲ್ಲು ತೋರಿಸುತ್ತ ನಿಂತಿತ್ತು. "ಇವನು ಬೇರೆ ಯಾರೋ ಗೌಡ್ರೇ," ಎಂದೆ.

"ಅದೇ ಉಬ್ಬು ಅಲ್ವಾ ಸಾರ್?"

ಹುಬ್ಬು ಅದೇ ಎಂಬುದನ್ನು ನಿರಾಕರಿಸುವಂತಿರಲಿಲ್ಲ. ಸುತ್ತೋಲೆ ಓದುವುದು ನನ್ನ ಕಸುಬು. ಕನ್ನಡಕ ತರಿಸಿಕೊಂಡು ತುದಿಯವರೆಗೆ ಓದಿದೆ. ಈ ತಳಿಗಳನ್ನು ಮಾರಬಾರದು, ಮರಿ ಮಾಡಿಸಬಾರದು, ಹೊಸದಾಗಿ ಪರವಾನಗಿ ಕೊಡಬಾರದು. ಈಗಾಗಲೇ ಸಾಕಿರುವವರು ನಾಯಿಗೆ ಸಂತಾನಹರಣ ಚಿಕಿತ್ಸೆ ಮಾಡಿಸಬೇಕು. ನಮ್ಮವನಿಗೆ ಅದು ಎಂದೋ ಆಗಿತ್ತು. ಆ ಒಂದು ವಿಷಯದಲ್ಲಿ ಅವನು ಕಾನೂನಿಗಿಂತ ಮುಂದಿದ್ದ.

"ಇದ್ದ ನಾಯಿಯನ್ನ ಸಾಕಬಾರದು ಅಂತ ಎಲ್ಲೂ ಬರೆದಿಲ್ಲ ಗೌಡ್ರೇ," ಎಂದೆ.

"ಅಪಾಯಕಾರಿ ಅಂತ ಬರ್ದವ್ರಲ್ಲ! ನಾಳೆ ಏನಾರ ಎಚ್ಚುಕಮ್ಮಿ ಆದ್ರೆ, ಮನೆ ಓನರ್ ಯಾರ್ಲಾ ಅಂತ ತಾನೆ ಪೊಲೀಸ್ನೋರು ಕೇಳೋದು?" ಎಂದು ಗೌಡರು ದನಿ ತಗ್ಗಿಸಿದರು. "ಲಗ್ನ ಕಟ್ಸಕ್ಕೆ ಬೀಗ್ರು ಬತ್ತಾವ್ರೆ. ಸರ್ಕಾರದೋರು ಬ್ಯಾಡ ಅಂದಿರೋ ನಾಯಿನ ಮಡೀಕಂಡವ್ನೆ ಅಂತ ಅವ್ರು ಅನ್ಕಬಾರ್ದು. ಅಷ್ಟೊತ್ಗೆ ಇವನ್ನ ಎಲ್ಲಾರ ಸಾಗಾಕಿ. ಆಗಲ್ಲ ಅಂದ್ರೆ ಬ್ಯಾರೆ ಮನೆ ನೋಡ್ಕಳಿ ಸಾರ್. ಬೇಜಾರ್ ಮಾಡ್ಕಬ್ಯಾಡಿ."

ಈ ತೀರ್ಪು ಹೊರಬಿದ್ದಾಗ ಅಪರಾಧಿ ಅವರ ಪಾದದ ಮೇಲೆ ತಲೆಯಿಟ್ಟು ಗೊರಕೆ ಹೊಡೆಯುತ್ತಿದ್ದ. ಗೌಡರು ಪಾದವನ್ನು ಮೆಲ್ಲಗೆ ಎಳೆದುಕೊಂಡರು. ತಲೆ ನೆಲಕ್ಕೆ ತಗುಲಿ ಅವನಿಗೆ ಎಚ್ಚರವಾಯಿತು. ಪಾದ ಎಲ್ಲಿ ಹೋಯಿತೆಂದು ಹುಡುಕಿ, ಸಿಕ್ಕಮೇಲೆ ಮತ್ತೆ ತಲೆಯಿಟ್ಟ. ಗೌಡರು ಎದ್ದು ಒಳಗೆ ಹೋದರು.

ಮೇಲೆ ಬಂದು ಹೆಂಡತಿಗೆ ಹೇಳಿದೆ. ಅವಳು ಮುದ್ದೆ ಕಟ್ಟುವ ಕೈ ನಿಲ್ಲಿಸಲಿಲ್ಲ. "ಅವನು ಓಯ್ತಾನೆ ಅಂದ್ರೆ ನಾನೂ ಓಯ್ತೀನಿ," ಎಂದಳು, ಅಷ್ಟೆ. ನಮ್ಮ ದಾಂಪತ್ಯದಲ್ಲಿ ಅವಳು ಚಿಕ್ಕ ವಾಕ್ಯ ಆಡಿದಾಗಲೆಲ್ಲ ಅದು ಜಾರಿಗೆ ಬಂದಿದೆ.

ಮನೆ ಹುಡುಕಿದೆ. ಮದ್ದೂರಿನಲ್ಲಿ ಹುಡುಕಿದೆ, ಮಂಡ್ಯದಲ್ಲೂ ಹುಡುಕಿದೆ. ಮೊದಲು "ಎಷ್ಟು ಜನ?" ಎನ್ನುತ್ತಿದ್ದರು, ಆಮೇಲೆ "ನಾಯಿಗೀಯಿ ಐತಾ?" ಎನ್ನುತ್ತಿದ್ದರು, ಕೊನೆಗೆ "ಯಾವ್ದು?" ಎನ್ನುತ್ತಿದ್ದರು. ಮೂರನೆಯ ಪ್ರಶ್ನೆ ಸುತ್ತೋಲೆ ಬಂದಮೇಲೆ ಹುಟ್ಟಿದ್ದು. ತಳಿಯ ಹೆಸರು ಹೇಳಿದ ಕೂಡಲೇ ಆ ಮನೆ ಅವರ ಅಕ್ಕನ ಮಗಳಿಗೆ ಬೇಕಾಗಿಬಿಡುತ್ತಿತ್ತು. ಮಂಡ್ಯದ ದಲ್ಲಾಳಿಯೊಬ್ಬ ನನ್ನ ಪಾಡು ನೋಡಲಾರದೆ, "ಎಮ್ಮೆ ಸಾಕಿದೀನಿ ಅನ್ನಿ ಸಾರ್, ಅದ್ಕಾದ್ರೂ ಒಪ್ತಾರೆ," ಎಂದ.

ಆಗ ನನಗೆ ಒಂದು ವಿಚಾರ ಹೊಳೆಯಿತು. ಗೌಡರಿಗಿರುವುದು ಭಯ. ನಾವು ಎಷ್ಟು ಜವಾಬ್ದಾರಿಯಿಂದ ನಾಯಿ ಸಾಕುತ್ತಿದ್ದೇವೆಂದು ಕಣ್ಣಿಗೆ ಕಾಣುವಂತೆ ತೋರಿಸಿದರೆ ಭಯ ಹೋಗುತ್ತದೆ. ಸರ್ಕಾರಿ ಸೇವೆಯಲ್ಲಿ ತಲೆ ಹಣ್ಣಾದವನಿಗೆ ಹೊಳೆಯಬಹುದಾದ ವಿಚಾರವೇ ಇದು.

ಮೊದಲು ಸಂಬಂಧಪಟ್ಟ ಕಚೇರಿಗೆ ಹೋಗಿ, ನಾಯಿಯನ್ನು ನೋಂದಾಯಿಸಿಕೊಳ್ಳಿ ಎಂದೆ. ಕಿಟಕಿಯ ಆಚೆಯವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು.

"ಯಾರ್ಗಾರ ಕಚ್ಚೈತಾ?"

"ಇಲ್ಲ."

"ಯಾರಾರ ದೂರು ಕೊಟ್ಟವ್ರಾ?"

"ಇಲ್ಲ."

"ಮತ್ ನೀವ್ಯಾಕ್ ಬಂದ್ರಿ?"

"ಮುಂಜಾಗ್ರತೆ," ಎಂದೆ.

"ಕಚ್ಚಿದ್ ಮೇಲೆ ಬನ್ನಿ ಸಾರ್," ಎಂದರು. ಆ ದನಿಯಲ್ಲಿ ನನ್ನದೇ ಹಳೆಯ ದನಿ ಕೇಳಿಸಿದ್ದರಿಂದ ನಮಸ್ಕರಿಸಿ ಬಂದೆ.

ಆಮೇಲೆ ಬಾಯಿಗೆ ಹಾಕುವ ಕವಚ. ಮಂಡ್ಯದಲ್ಲಿ ನಾಯಿಸಾಮಾನು ಮಾರುವ ಅಂಗಡಿಯಲ್ಲಿ ಇದ್ದದ್ದೆಲ್ಲ ಬೆಕ್ಕಿನ ಮೂತಿಗೂ ಬಿಗಿ. ಕೊನೆಗೆ ಹಗ್ಗ, ಮೂಗುದಾರ, ಗೆಜ್ಜೆ ಮಾರುವ ಅಂಗಡಿಗೆ ಹೋದೆ. ಕಣದಲ್ಲಿ ಎತ್ತು ಕಾಳಿಗೆ ಬಾಯಿ ಹಾಕದಂತೆ ಕಟ್ಟುವ ಹಗ್ಗದ ಕುಕ್ಕೆ ಅಲ್ಲಿ ತೂಗುತ್ತಿತ್ತು.

"ಎತ್ತಿಂದಾ, ಕರುಂದಾ?" ಎಂದ ಅಂಗಡಿಯವನು.

"ನಾಯಿದು."

ಅವನು ಎರಡನ್ನೂ ಕೆಳಗಿಳಿಸಿದ. "ಮೂತಿ ಎಷ್ಟಪ್ಪ ಬತ್ತದೆ?" ಎಂದ. ಕೈಯಲ್ಲಿ ತೋರಿಸಿದೆ. "ಕರುಂದು ತಕ್ಕಳಿ. ಬಿಗಿ ಆದ್ರೆ ತಂದು ಬದಲಾಯ್ಸಿ," ಎಂದ.

ಕುಕ್ಕೆ ಸರಿಯಾಗಿ ಕೂತಿತು. ಅದಕ್ಕೆ ಜೋಡಿ ಸರಪಳಿ ಸೇರಿತು. ಗೇಟಿಗೆ 'ನಾಯಿ ಇದೆ, ಎಚ್ಚರಿಕೆ' ಎಂಬ ಫಲಕ ಬಂತು. ಮರುದಿನ ಬೆಳಿಗ್ಗೆ ನಾನು ಕೈಯಲ್ಲಿ ಕೋಲು ಹಿಡಿದು ಅವನನ್ನು ಬೀದಿಗೆ ಕರೆದುಕೊಂಡು ಹೊರಟೆ. ಇಷ್ಟು ಜವಾಬ್ದಾರಿಯುತವಾದ ದೃಶ್ಯವನ್ನು ಆ ಬೀದಿ ಹಿಂದೆ ಕಂಡಿರಲಿಲ್ಲ.

ಬೀದಿ ಖಾಲಿಯಾಯಿತು. ದಿನಾ ಅವನ ಕಿವಿ ಹಿಂಡಿ ಮುಂದೆ ಹೋಗುತ್ತಿದ್ದ ಹಾಲಿನ ಹೆಂಗಸು ಕ್ಯಾನನ್ನು ಗೇಟಿನ ಆಚೆಯೇ ಇಟ್ಟು ದೂರ ನಿಂತಳು.

"ಏನಮ್ಮ, ನಿನಗೂ ಭಯವಾ?" ಎಂದೆ.

"ಇಷ್ಟ್ ದಿನ ಬಾಯ್ಗೆ ಏನೂ ಕಟ್ಟಿರ್ಲಿಲ್ಲ ಕಣ್ ಸ್ವಾಮಿ. ಈಗ ಕಟ್ಟಿದೀರ ಅಂದ್ರೆ ಅದೇನೋ ಮಾಡೈತೆ," ಎಂದಳು.

ಸಂಜೆಯೊಳಗೆ ಅವನು ಮಂಡ್ಯದಲ್ಲಿ ಯಾರನ್ನೋ ಕಚ್ಚಿದನೆಂದು ಬೀದಿಯಲ್ಲಿ ಸುದ್ದಿಯಾಯಿತು. ಮಂಡ್ಯಕ್ಕೆ ಹೋಗಿದ್ದವನು ನಾನು. ಕಟ್ಟದೆ ಬಿಟ್ಟಿದ್ದಾಗ ಅವನು ನಾಯಿಯಾಗಿದ್ದ, ಕಟ್ಟಿ ಹಿಡಿದಮೇಲೆ ಪ್ರಾಣಾಪಾಯವಾದ. ನಾನು ಒಂದೊಂದು ಎಚ್ಚರಿಕೆ ತೆಗೆದುಕೊಂಡಂತೆಲ್ಲ ಜನ ಒಂದೊಂದು ಹೆಜ್ಜೆ ಹಿಂದೆ ಸರಿದರು. ಗೌಡರು ಜಗುಲಿಗೆ ಬರುವುದನ್ನೇ ಬಿಟ್ಟರು. ಅವನು ಸಂಜೆ ಬೈಕಿನ ಸದ್ದಿಗೆ ಕುಕ್ಕೆ ಸಮೇತ ಇಳಿದು ಹೋಗಿ, ಮುಚ್ಚಿದ ಬಾಗಿಲ ಮುಂದೆ ಕೂತು, ಊಟದ ಹೊತ್ತಿಗೆ ಮೇಲೆ ಬರುತ್ತಿದ್ದ. ಹುಬ್ಬು ಗಂಟಿಕ್ಕಿರುತ್ತಿತ್ತು. ಹುಟ್ಟಿನಿಂದಲೇ ಹಾಗೆ ಎಂದು ನನಗೆ ಗೊತ್ತಿದ್ದರೂ ನೋಡಲಾಗುತ್ತಿರಲಿಲ್ಲ.

ಬೀಗರು ಬರುವ ದಿನ ಹತ್ತಿರವಾಯಿತು. ಬೇರೆ ದಾರಿ ಕಾಣದೆ ಲಗೇಜ್ ಆಟೊ ಮಾಡಿ ಅವನನ್ನು ಬೆಳಕವಾಡಿಗೆ ಕರೆದೊಯ್ದೆವು. ಹಿಂದೆ ಅವನು, ಅವನ ಪಕ್ಕದಲ್ಲಿ ಕಾಲುಮಣೆಯ ಮೇಲೆ ನನ್ನ ಹೆಂಡತಿ. ಮಳವಳ್ಳಿಯಲ್ಲಿ ಟೀಗೆ ನಿಲ್ಲಿಸಿದಾಗ ಜನ ಸೇರಿದರು. ಅದು ಬಂಡೂರು ಕುರಿಯ ಸೀಮೆ. ಅಲ್ಲಿನವರಿಗೆ ಪ್ರಾಣಿ ಕಂಡರೆ ಕೈ ಸುಮ್ಮನಿರುವುದಿಲ್ಲ. ಒಬ್ಬರು ಮುಂದೆ ಬಂದು ಕುರಿಯನ್ನು ಪರೀಕ್ಷಿಸುವ ರೀತಿಯಲ್ಲೇ ಅವನ ಬೆನ್ನುಮೂಳೆಯ ಎರಡೂ ಕಡೆ ಬೆರಳಿಟ್ಟು ಒತ್ತಿದರು. ಅವನು ಸುಖವಾಗಿ ಕಣ್ಣು ಮುಚ್ಚಿದ.

"ಒಳ್ಳೆ ಮೈಕಟ್ಟು ಕಣಮ್ಮ. ಏನ್ ತೂಕ ಬರ್ಬೋದು?"

"ಯಾಕಣ್ಣ, ಅಬ್ಬಕ್ಕೆ ಬೇಕಿತ್ತಾ?" ಎಂದಳು ನನ್ನ ಹೆಂಡತಿ. ಅವರು ಕೈ ತೆಗೆದರು.

ಭಾಮೈದ ನಮ್ಮನ್ನು ನೋಡಿ, "ಬಾವ, ಕಳ್ರು ಬುಟ್ಟೋದ ಕೋಳಿ ಇನ್ನೂ ಒಸಿ ಅವೆ. ಅದ್ಕೇ ಕರ್ಕಬಂದ್ರಾ?" ಎಂದ. ಸಂಜೆ ನಾನು ಹೊರಟಾಗ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. "ಅವನು ಒಂದ್ಕಂಡ್ ಮೇಲೆ ಬತ್ತೀನಿ," ಎಂದಳು. ಮರಿಯಿಂದ ಬೆಳೆದ ಜಾಗಕ್ಕೆ ಅವನು ಹೊಂದಿಕೊಳ್ಳಲು ಎಷ್ಟು ಕಾಲ ಬೇಕೆಂದು ಕೇಳುವ ಧೈರ್ಯ ನನಗೆ ಬರಲಿಲ್ಲ. ಮದ್ದೂರಿಗೆ ಬಸ್ಸು ಹತ್ತಿದೆ.

ಮನೆಯಲ್ಲಿ ನಾನೊಬ್ಬನೇ ಉಳಿದೆ. ನಾನು ಮಾಡಿದ ಮುದ್ದೆಯನ್ನು ತಿನ್ನಲು ನಾಯಿಯೂ ಇರಲಿಲ್ಲ.

ಲಗ್ನ ಕಟ್ಟಿಸುವ ದಿನ ಗೌಡರು ನನ್ನನ್ನೂ ಕರೆದರು. ಜಗುಲಿ ತೊಳೆದಿತ್ತು, ಬಾಗಿಲಿಗೆ ತೋರಣ ಕಟ್ಟಿತ್ತು, ಗೌಡರು ಹೊಸ ಪಂಚೆಯಲ್ಲಿದ್ದರು. ಬೀಗರು ಬಂದಿಳಿದರು. ಅಜ್ಜಿಯನ್ನು ಅದೇ ಕುರ್ಚಿಯಲ್ಲಿ ಕೂರಿಸಿದರು. ಪುರೋಹಿತರು ಪಂಚಾಂಗ ಬಿಚ್ಚಿದರು. ಅಜ್ಜಿ ಜಗುಲಿಯನ್ನೊಮ್ಮೆ ಆ ತುದಿಯಿಂದ ಈ ತುದಿಗೆ ನೋಡಿ, "ಎಲ್ಲಪ್ಪ ಅವನು?" ಎಂದರು.

"ಯಾರವ್ವ? ಉಡ್ಗ ಒಳಗವ್ನೆ. ಲೇ, ಬಾರ್ಲಾ ಈಚೆಗೆ!" ಎಂದರು ಗೌಡರು.

"ಉಡ್ಗನ್ನ ಕಟ್ಕೊಂಡು ನಂಗೇನಾಗ್ಬೇಕು? ಆ ಕರಿಯ. ನಿಮ್ ಕಾಲ್ಮೇಲೆ ತಲೆ ಮಡೀಕಂಡು ಮಲ್ಗಿತ್ತಲ್ಲ, ಆ ನಾಯಿ."

ಗೌಡರು ನನ್ನ ಮುಖ ನೋಡಿದರು. ಆ ನಾಯಿ ತಮ್ಮದೆಂದು ಅವರು ಬೀಗರಿಗೆ ಹೇಳಿರಲಿಲ್ಲ, ತಮ್ಮದಲ್ಲವೆಂದೂ ಹೇಳಿರಲಿಲ್ಲ. ಕೇಳದ ಪ್ರಶ್ನೆಗೆ ಉತ್ತರ ಕೊಡಬಾರದೆಂಬ ಇಲಾಖಾ ಶಿಸ್ತನ್ನು ನಾನು ಪಾಲಿಸಿದೆ.

"ಅದನ್ನ… ಸಾಗಾಕಿದ್ವಿ ಕಣವ್ವ. ಅಪಾಯಕಾರಿ ಅಂತ ಸರ್ಕಾರದೋರೇ ಅಂದವ್ರೆ."

"ಸರ್ಕಾರದೋರು ಬಂದು ನೋಡಿದ್ರಾ?"

"ಇಲ್ಲ."

"ನಾನ್ ನೋಡಿವ್ನಿ," ಎಂದರು ಅಜ್ಜಿ. ಬಾಯಿಯ ಎಲೆಅಡಿಕೆಯನ್ನು ಒಂದು ದವಡೆಗೆ ಸರಿಸಿಕೊಂಡು ಮುಂದುವರಿದರು. "ಅವತ್ತು ಇವ್ರೆಲ್ಲ ಸಂಪು ನೋಡಕ್ಕೋದ್ರು. ನಾನ್ ಇಲ್ಲೇ ಕುಂತಿದ್ದೆ. ನೀವು ಸೊಳ್ಳೆಗೆ ಅಂತ ಟವಲ್ ಎತ್ತಿ ಎತ್ತಿ ಬೀಸ್ತಿದ್ರಿ. ಅಷ್ಟ್ ದಪ್ಪನ್ ಪ್ರಾಣಿ, ತಲೆ ಮ್ಯಾಲೆ ಕೈ ಬಂದ್ರೂ ಒಂದ್ ದಪವಾದ್ರೂ ಬೆದರ್ಲಿಲ್ಲ. ಕಣ್ಣೇ ಬುಡ್ಲಿಲ್ಲ. ಏಟ್ ತಿನ್ಕಂಡ್ ಬೆಳ್ದಿದ್ ಪ್ರಾಣಿ ಕೈ ಎತ್ತಿದ್ರೆ ಸಾಕು ಮುದುರ್ಕತ್ತದೆ. ಈ ಮನೇಲಿ ಕೈ ಎತ್ತೋರಿಲ್ಲ, ಇಲ್ಲಿಗೆ ಮೊಮ್ಮಗ್ಳನ್ನ ಕೊಡ್ಬೋದು ಅಂತ ನಾನೇ ಯೋಳಿದ್ದು."

ಪುರೋಹಿತರ ಬೆರಳು ಪಂಚಾಂಗದ ಮೇಲೆ ನಿಂತಿತು. ಗೌಡರು ತಮ್ಮ ಹೊಸ ಟೈಲ್ಸಿನ ಕಡೆ ಒಮ್ಮೆ ನೋಡಿದರು.

"ಈಗ ನಾಯಿ ಇಲ್ಲ ಅಂತೀರಿ," ಎಂದರು ಅಜ್ಜಿ. "ಯಾಕ್ ಇಲ್ಲ ಅಂತ ನಾನ್ ಏನಂತ ತಿಳ್ಕಳ್ಲಿ?"

"ಅವ್ವ, ಸರ್ಕಾರ…"

"ಸರ್ಕಾರ ನಿಮ್ ಮಗನ್ಗೆ ಎಣ್ ಕೊಟ್ಟದಾ?"

ನಗು ತಡೆಯಲು ನಾನು ಕೆಮ್ಮಿದೆ. ಗೌಡರು ಬೆವರೊರೆಸಿಕೊಂಡು, "ಬೆಳಕವಾಡಿಗೆ ಕಳ್ಸಿದೀವಿ ಕಣವ್ವ, ಆವಾ ಬದಲಾವಣೆ ಆಗ್ಲಿ ಅಂತ. ಲಗ್ನದೊತ್ಗೆ ಬತ್ತದೆ," ಎಂದರು. ಹಾಗಿದ್ದರೆ ದಿನ ನೋಡಬಹುದೆಂದು ಅಜ್ಜಿ ಪುರೋಹಿತರಿಗೆ ಸನ್ನೆ ಮಾಡಿದರು.

ಮರುದಿನ ಬೆಳಿಗ್ಗೆ ಗೌಡರು ಮಗನ ಕಾರನ್ನು ತೆಗೆಸಿದರು. ನನ್ನನ್ನೂ ಹತ್ತಿಸಿಕೊಂಡರು. ಮಳವಳ್ಳಿ ದಾಟಿದ ಮೇಲೆ, "ಸಾರ್, ನಿಮ್ ಮನೆಯವ್ರು ಬೈತಾರಾ?" ಎಂದರು. "ಬೈದರೆ ನಿಮ್ಮ ಪುಣ್ಯ. ಚಿಕ್ಕ ವಾಕ್ಯ ಆಡಿದರೆ ಕಷ್ಟ," ಎಂದೆ.

ಬೆಳಕವಾಡಿಯ ಫಾರಂ ಮುಂದೆ ಕಾರು ನಿಂತಿತು. ನಮ್ಮವನು ಗೌಡರನ್ನು ಕಂಡು ಒಳಗೆ ಓಡಿದ. ಸಿಟ್ಟಿರಬೇಕೆಂದು ಗೌಡರ ಮುಖ ಬಾಡಿತು. ಅಷ್ಟರಲ್ಲಿ ಅವನು ಹೊಸ ತಟ್ಟೆಯನ್ನು ಕಚ್ಚಿಕೊಂಡು ಬಂದು ಅವರ ಪಾದದ ಹತ್ತಿರ ಇಟ್ಟ. ಗೌಡರು ಪಂಚೆ ಎತ್ತಿ ಕಟ್ಟಿ ಅಲ್ಲೇ ಕುಕ್ಕುರುಗಾಲಲ್ಲಿ ಕೂತು ಅವನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

"ಬುಡಿ ಗೌಡ್ರೇ, ಅವನು ಅಪಾಯಕಾರಿ," ಎಂದಳು ನನ್ನ ಹೆಂಡತಿ, ಬಾಗಿಲಲ್ಲಿ ನಿಂತು.

"ತಪ್ಪಾಯ್ತು ಕಣಕ್ಕ. ನಡೀರಿ ಮನೆಗೆ."

"ಕುಕ್ಕೆ ಆಕಲ್ಲ."

"ನಾನ್ಯಾವಾಗ ಆಕಿ ಅಂದೆ? ಅದು ಸಾರ್ ತಂದದ್ದು."

ಇಬ್ಬರೂ ನನ್ನ ಕಡೆ ನೋಡಿದರು. ಜವಾಬ್ದಾರಿಯುತ ಸಾಕಣೆಯ ಪೂರ್ಣ ಜವಾಬ್ದಾರಿ ಹೀಗೆ ನನ್ನ ಮೇಲೆ ಬಂತು.

ನಮ್ಮ ರಾಜ್ಯದ ಹೈಕೋರ್ಟು ಆ ಸುತ್ತೋಲೆಯನ್ನು ರದ್ದು ಮಾಡಿದ್ದು ನಮಗೆ ತಿಳಿದದ್ದು ಆಮೇಲೆ. ಸಂಬಂಧಪಟ್ಟವರ ಮಾತು ಕೇಳದೆ ಅದನ್ನು ಹೊರಡಿಸಿದ್ದರೆಂದು ನ್ಯಾಯಾಲಯ ಹೇಳಿತಂತೆ. ಭಯದ ಸುದ್ದಿಯನ್ನು ಒಂದೇ ಸಂಜೆಯಲ್ಲಿ ತಂದುಕೊಟ್ಟಿದ್ದ ಗೌಡರ ಮೊಬೈಲಿಗೆ ಈ ಸುದ್ದಿ ಬರಲೇ ಇಲ್ಲ. ನಾನೇ ಪೇಪರಿನಲ್ಲಿ ಓದಿ ಹೇಳಿದೆ. "ಬಂದು ನೋಡಿದ್ರಾ ಅಂತ ಅಜ್ಜಿ ಕೇಳಿದ್ದೂ ಅದ್ನೇ ಅಲ್ವಾ," ಎಂದರು.

ಮದುವೆಯಾಯಿತು. ಹೊಸ ಸೊಸೆ ಮನೆ ತುಂಬಲು ಬಂದವಳು ಜಗುಲಿಯ ಮೇಲೆ ಅವನನ್ನು ಕಂಡು ಕಿಟ್ಟನೆ ಕಿರುಚಿ ಗಂಡನ ಹಿಂದೆ ಅಡಗಿದಳು. ಅವಳಿಗೆ ಚಿಕ್ಕಂದಿನಿಂದಲೂ ನಾಯಿ ಎಂದರೆ ಆಗದಂತೆ. ಇಷ್ಟೆಲ್ಲ ಶಾಸ್ತ್ರದಲ್ಲಿ ಅವಳನ್ನು ಯಾರೂ ಒಂದು ಮಾತು ಕೇಳಿರಲಿಲ್ಲ. ಅವನು ಪದ್ಧತಿಯ ಪ್ರಕಾರ ತಟ್ಟೆ ತಂದಿಟ್ಟ. ಅವಳು ಒಂದು ವಾರ ಹಿತ್ತಿಲ ಬಾಗಿಲಿನಿಂದ ಓಡಾಡಿದಳು. ಆಮೇಲೆ ಒಂದು ಸಂಜೆ ನಾನು ಮೇಲಿನಿಂದ ನೋಡುತ್ತೇನೆ, ಅವಳು ಜಗುಲಿಯ ಆ ತುದಿಯಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದಾಳೆ, ಇವನು ಈ ತುದಿಯಲ್ಲಿ. ಮಧ್ಯೆ ಗೌಡರು ಗಡಿಕಲ್ಲಿನ ಹಾಗೆ ಕೂತು ಟವೆಲ್ಲು ಬೀಸುತ್ತಿದ್ದಾರೆ. ಸಿಪ್ಪೆ ಒಂದೊಂದಾಗಿ ಅವನ ಕಡೆ ಬೀಳುತ್ತಿತ್ತು.

ಮೊನ್ನೆ ಮಂಡ್ಯದ ಆ ದಲ್ಲಾಳಿ ಫೋನು ಮಾಡಿದ್ದ. ಒಂದು ಮನೆ ಖಾಲಿಯಾಗಿದೆ, ಆಸ್ಪತ್ರೆಗೆ ಹತ್ತಿರ, ಮೆಟ್ಟಿಲಿಲ್ಲ, ಎಮ್ಮೆಗೂ ಅಭ್ಯಂತರವಿಲ್ಲ ಎಂದ. ನನಗೂ ಮಂಡಿ ನೋವು. ಸಂಜೆ ಜಗುಲಿಯಲ್ಲಿ ಗೌಡರಿಗೆ ವಿಷಯ ಹೇಳಿದೆ.

ಅವರು ಟವೆಲ್ಲು ಬೀಸುವುದನ್ನು ನಿಲ್ಲಿಸಿ ಯೋಚನೆ ಮಾಡಿದರು. ಪಾದದ ಮೇಲಿನ ತಲೆಯನ್ನು ಒಮ್ಮೆ ಸವರಿದರು.

"ನಿಮ್ಗೆ ಅನ್ಕೂಲ ಆಯ್ತದೆ ಅಂದ್ರೆ ನಾನ್ಯಾಕ್ ಬ್ಯಾಡ ಅನ್ಲಿ ಸಾರ್," ಎಂದರು. "ನೀವು ಓಗಿ. ಇವನ್ನ ಬುಟ್ಟೋಗಿ."

ಹೆಂಡತಿಯ ಅಭಿಪ್ರಾಯವನ್ನು ಇನ್ನೂ ಕೇಳಿಲ್ಲ. ಅವಳೂ ಗೌಡರ ಆ ಚಿಕ್ಕ ವಾಕ್ಯವನ್ನೇ ಆಡಿಯಾಳೆಂಬ ಅನುಮಾನವಿದೆ.